ಪ್ರಿಂಟ್ ಬರುತ್ತೆ, ಸ್ಕ್ಯಾನ್ ಹೋಗಲ್ಲ

"ಮೆಷಿನ್ ಸರಿಯಾಗೇ ಇದೆ ಸಾರ್, ನಿಮ್ಮ ನೆಟ್‌ವರ್ಕ್‌ನಲ್ಲೇ ಏನೋ ಪ್ರಾಬ್ಲಮ್ ಇರ್ಬೇಕು" ಎನ್ನುತ್ತಾನೆ ಸರ್ವಿಸ್‌ಗೆ ಬಂದ ಹುಡುಗ. "ಪ್ರಿಂಟ್ ಬರ್ತಾ ಇದೆಯಲ್ಲಪ್ಪ, ಅಂದ್ಮೇಲೆ ನೆಟ್‌ವರ್ಕ್ ಸರಿಯಿದೆ ಅಂತ ತಾನೆ? ನಿಮ್ಮ ಮೆಷಿನ್ ಸೆಟ್ಟಿಂಗೇ ನೋಡಿ" ಎನ್ನುತ್ತಾರೆ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವರು. ಎರಡು ಮಹಡಿಗೆ ಹರಡಿಕೊಂಡ ಆಡಿಟರ್ ಕಚೇರಿಯಲ್ಲೋ ನರ್ಸಿಂಗ್ ಹೋಮ್‌ನಲ್ಲೋ ಸಹಕಾರ ಸಂಘದಲ್ಲೋ ಈ ಮಾತುಕತೆ ಕೇಳಿದವರು ಬಹಳ ಮಂದಿ ಇದ್ದೀರಿ. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ ಎಂಬುದೇ ಇಲ್ಲಿನ ತೊಡಕು.

ಕೆಳಗಿನ ಮಹಡಿಯಲ್ಲಿ ಪ್ರಿಂಟ್, ಕಾಪಿ, ಸ್ಕ್ಯಾನ್ ಮೂರನ್ನೂ ಮಾಡುವ ದೊಡ್ಡ ಮೆಷಿನ್ ಇದೆ ಎಂದಿಟ್ಟುಕೊಳ್ಳೋಣ. ಮೇಲಿನ ಮಹಡಿಯ ಸಿಸ್ಟಮ್‌ಗಳಿಂದ ಪ್ರಿಂಟ್ ಕೊಟ್ಟರೆ ಸರಾಗವಾಗಿ ಬರುತ್ತದೆ. ಆದರೆ ಮೆಷಿನ್ ಮುಂದೆ ನಿಂತು, ಗಾಜಿನ ಮೇಲೆ ಕಾಗದ ಇಟ್ಟು, ಮೇಲಿನವರ ಫೋಲ್ಡರ್ ಆರಿಸಿ ಗುಂಡಿ ಒತ್ತಿದರೆ 'ಕನೆಕ್ಟಿಂಗ್' ಎಂದು ತುಸು ಹೊತ್ತು ತೋರಿಸಿ ಕೈಚೆಲ್ಲುತ್ತದೆ. ಅದೇ ಕಾಗದ ಕೆಳಮಹಡಿಯ ಸಿಸ್ಟಮ್‌ಗೆ ಥಟ್ಟನೆ ಹೋಗಿ ಕೂರುತ್ತದೆ.

ಈ ಜಗಳ ಬಗೆಹರಿಯಬೇಕಾದರೆ ಮೊದಲು ತಿಳಿಯಬೇಕಾದ್ದು, ಮಾತು ಶುರು ಮಾಡುವವರು ಯಾರು ಎಂಬುದು. ಪ್ರಿಂಟ್ ಕೊಡುವಾಗ ಶುರು ಮಾಡುವುದು ಕಂಪ್ಯೂಟರ್. ಮೆಷಿನ್ ಸಾಮಾನ್ಯವಾಗಿ 9100 ಎಂಬ ಪೋರ್ಟ್‌ನಲ್ಲಿ ಕಿವಿಗೊಟ್ಟು ಕುಳಿತಿರುತ್ತದೆ. ಬಂದದ್ದನ್ನು ತೆಗೆದುಕೊಂಡು ಉತ್ತರ ಕೊಡುತ್ತದೆ. ಸ್ಕ್ಯಾನ್ ಮಾಡಿ ಫೋಲ್ಡರ್‌ಗೆ ಕಳಿಸುವಾಗ ಪಾತ್ರ ಅದಲುಬದಲು. ಈಗ ಮೆಷಿನ್ನೇ ಎದ್ದು ಹೊರಡಬೇಕು, ಎಸ್‌ಎಂಬಿ ಎಂಬ ಫೈಲ್ ಹಂಚಿಕೆಯ ಭಾಷೆಯಲ್ಲಿ ಕಂಪ್ಯೂಟರಿನ 445ನೇ ಪೋರ್ಟ್ ತಟ್ಟಬೇಕು, ಯೂಸರ್ ಹೆಸರು, ಪಾಸ್‌ವರ್ಡ್ ಹೇಳಬೇಕು, ಒಳಗೆ ಫೈಲ್ ಬರೆಯಬೇಕು. ಅಂದರೆ ಗುಮಾಸ್ತರ ಮೇಜಿನ ಮೇಲಿನ ಸಾಧಾರಣ ಸಿಸ್ಟಮ್ ಅಷ್ಟು ಹೊತ್ತು ಸರ್ವರ್ ಆಗಬೇಕು. ಹೊರಗೆ ಹೋಗಿ ಬರಲು ಅದಕ್ಕೆ ಅಡ್ಡಿಯಿಲ್ಲ. ಹೊರಗಿನಿಂದ ಯಾರೋ ಬಂದರೆ ಒಳಗೆ ಬಿಡಬೇಕೋ ಬೇಡವೋ ಎಂಬುದು ಬೇರೆಯೇ ತೀರ್ಮಾನ. ಪ್ರಿಂಟ್ ಬರುತ್ತಿರುವುದು ಹೋಗುವ ದಾರಿಗೆ ಸಾಕ್ಷಿಯೇ ಹೊರತು ಬರುವ ದಾರಿಗಲ್ಲ.

ಸಬ್‌ನೆಟ್ ಎಂದರೆ ಒಂದು ಓಣಿ ಎಂದುಕೊಳ್ಳಿ. ಓಣಿಯೊಳಗೆ ಯಾರನ್ನಾದರೂ ಕರೆಯಲು ವಿಳಾಸ ಬೇಡ, ಜಗಲಿಯಲ್ಲಿ ನಿಂತು ಹೆಸರು ಕೂಗಿದರೆ ಸಾಕು, ಆ ಹೆಸರಿನವರು ಓಗೊಡುತ್ತಾರೆ. ಪಕ್ಕದ ಓಣಿಗೆ ಆ ಕೂಗು ಮುಟ್ಟುವುದಿಲ್ಲ. ಅಲ್ಲಿಗೆ ಹೋಗಬೇಕಾದರೆ ಮೊದಲು ಓಣಿಯ ತುದಿಗೆ ಬರಬೇಕು. ಆ ತುದಿಯಲ್ಲಿ ಕುಳಿತಿರುವುದು ರೂಟರ್. 192.168.10.50 ಎಂಬ ಐಪಿ ವಿಳಾಸಕ್ಕೆ 255.255.255.0 ಎಂಬ ಸಬ್‌ನೆಟ್ ಮಾಸ್ಕ್ ಇದ್ದರೆ ಮೊದಲ ಮೂರು ಸಂಖ್ಯೆ ಓಣಿಯದು, ಕೊನೆಯದು ಮನೆಯದು. ಇಂಥ ಓಣಿಯಲ್ಲಿ ಬಳಸಬಹುದಾದ ವಿಳಾಸಗಳು 254. ದೊಡ್ಡ ನೆಟ್‌ವರ್ಕನ್ನು ಹೀಗೆ ಸೀಳುವ ಪದ್ಧತಿಗೆ 1985ರಲ್ಲಿ ಆರ್‌ಎಫ್‌ಸಿ 950 ಎಂಬ ದಾಖಲೆಯಲ್ಲಿ ನಿಯಮ ಬಂತು. ಕಚೇರಿಗಳು ಒಂದು ಓಣಿಯನ್ನು ಎರಡು ಮಾಡಿಕೊಳ್ಳಲು ಕಾರಣಗಳಿವೆ. ಪ್ರಿಂಟರ್, ಸ್ಕ್ಯಾನರ್‌ಗಳ ಒಳಗಿನ ಸಾಫ್ಟ್‌ವೇರನ್ನು ಅಪ್‌ಡೇಟ್ ಮಾಡುವವರೇ ಇಲ್ಲ. ಹಾಗಾಗಿ ಅವನ್ನು ವಿ-ಲ್ಯಾನ್ ಎಂಬ ಪ್ರತ್ಯೇಕ ಓಣಿ ಮಾಡಿ ಬೇರೆಯಾಗಿಡುವುದು ಒಳ್ಳೆಯ ರೂಢಿ. ಬಹಳ ಕಡೆ ಮಾತ್ರ ಯಾರೂ ತೀರ್ಮಾನಿಸದೆಯೇ ಓಣಿ ಎರಡಾಗಿರುತ್ತದೆ. ಆ ಕಥೆ ಮುಂದೆ ಬರುತ್ತದೆ.

ಸಣ್ಣ ಕಚೇರಿಗಳ ನೆಟ್‌ವರ್ಕ್‌ನಲ್ಲಿ ನಾವು ಅನುಭವಿಸುವ ಸಲೀಸುಗಳೆಲ್ಲ 'ಎಲ್ಲರೂ ಒಂದೇ ಓಣಿಯವರು' ಎಂಬ ನಂಬಿಕೆಯ ಮೇಲೆ ನಿಂತಿವೆ. ಹೆಸರು ಹುಡುಕುವ ವ್ಯವಸ್ಥೆ ಅದನ್ನು ನಂಬಿದೆ, ಮೆಷಿನ್‌ಗೆ ವಿಳಾಸ ತುಂಬಿದವರು ಅದನ್ನು ನಂಬಿದ್ದಾರೆ, ವಿಂಡೋಸ್‌ನ ಫೈರ್‌ವಾಲ್ ಕೂಡ ನಂಬಿದೆ. ಓಣಿ ಎರಡಾದ ದಿನ ಮೂರೂ ಒಟ್ಟಿಗೆ ಕುಸಿಯುತ್ತವೆ, ಆದರೆ ಒಂದರ ಹಿಂದೆ ಒಂದು ಅಡಗಿಕೊಂಡು. ಒಂದನ್ನು ಸರಿಪಡಿಸಿದರೆ ಸ್ಕ್ಯಾನ್ ಹೋಗುವುದಿಲ್ಲ, ಯಾಕೆಂದರೆ ಇನ್ನೆರಡು ಬಾಕಿಯಿವೆ. 'ಓ, ಇದಲ್ಲ' ಎಂದು ಆ ಸರಿಯಾದ ತಿದ್ದುಪಡಿಯನ್ನೇ ತೆಗೆದುಹಾಕಿ ಮುಂದಿನದಕ್ಕೆ ಕೈಹಾಕುತ್ತಾರೆ. ಈ ರಿಪೇರಿ ವಾರಗಟ್ಟಲೆ ಎಳೆಯುವುದು ಹೀಗೆ. ಸರಿ ಎಂದು ಗೊತ್ತಿರುವ ಬದಲಾವಣೆಯನ್ನು, ಫಲ ಕಾಣದಿದ್ದರೂ, ಹಾಗೇ ಬಿಡಬೇಕು.

ಮೊದಲು ಹೆಸರು. ಸ್ಕ್ಯಾನರ್‌ನ ಅಡ್ರೆಸ್ ಬುಕ್‌ನಲ್ಲಿ ಬಹುಪಾಲು 'ಅಕೌಂಟ್ಸ್-ಪಿಸಿ' ಎಂಬಂಥ ಹೆಸರೇ ಇರುತ್ತದೆ. ಈ ಹೆಸರುಗಳ ಹಿಂದಿರುವುದು 1980ರ ದಶಕದ ನೆಟ್‌ಬಯಾಸ್. ಕಂಪ್ಯೂಟರಿನ ಹೆಸರು 15 ಅಕ್ಷರ ಮೀರಬಾರದು ಎಂಬ ಹಳೇ ಕಟ್ಟಳೆ ಬಂದದ್ದು ಅಲ್ಲಿಂದಲೇ. 137ನೇ ಪೋರ್ಟ್‌ನಲ್ಲಿ ಅದು ಮಾಡುವುದು ಅಕ್ಷರಶಃ ಕೂಗುವ ಕೆಲಸ: ಈ ಹೆಸರಿನವರು ಯಾರು, ಹೇಳಿ. ಆ ಕೂಗನ್ನು ರೂಟರ್ ಆಚೆಗೆ ದಾಟಿಸುವುದಿಲ್ಲ, ದಾಟಿಸಲೂಬಾರದು. ಪ್ರತಿ ಕೂಗೂ ಎಲ್ಲೆಡೆ ಹಬ್ಬಿದರೆ ನೆಟ್‌ವರ್ಕ್ ಉಳಿಯುವುದಿಲ್ಲ. ಹೆಸರು ಹುಡುಕಲು ಆಮೇಲೆ ಬಂದ ಎಂ-ಡಿಎನ್‌ಎಸ್ ಬಳಸುವ 224.0.0.251 ಎಂಬ ವಿಳಾಸವೂ ಓಣಿಯೊಳಗಿನ ಮಾತಿಗೆಂದೇ ಮೀಸಲು. ಆದ್ದರಿಂದ ಹೆಸರು ತೆಗೆದು ಐಪಿ ವಿಳಾಸ ಹಾಕಿ ನೋಡಿ. ಹಾಕುವ ಮುನ್ನ ಆ ಕಂಪ್ಯೂಟರ್‌ಗೆ ರೂಟರ್‌ನಲ್ಲೇ ವಿಳಾಸ ಕಾಯ್ದಿರಿಸಿ, ಇಲ್ಲದಿದ್ದರೆ ಮುಂದಿನ ತಿಂಗಳು ಆ ಸಂಖ್ಯೆ ಬೇರೊಬ್ಬರ ಲ್ಯಾಪ್‌ಟಾಪಿನದಾಗಿರುತ್ತದೆ. ಕಚೇರಿಗೆ ಸ್ವಂತ ಡಿಎನ್‌ಎಸ್ ಸರ್ವರ್ ಇದ್ದರೆ ಹೆಸರೇ ಇರಲಿ, ಅದು ಓಣಿ ದಾಟುತ್ತದೆ. ಆದರೆ ಸ್ಕ್ಯಾನರ್‌ನ ಡಿಎನ್‌ಎಸ್ ಜಾಗದಲ್ಲಿ ಯಾರೋ ಅಭ್ಯಾಸಬಲದಿಂದ 8.8.8.8 ಎಂದು ತುಂಬಿರುತ್ತಾರೆ. ಗೂಗಲ್‌ನ ಆ ಸರ್ವರ್‌ಗೆ ಜಗತ್ತಿನ ಜಾಲತಾಣಗಳೆಲ್ಲ ಗೊತ್ತು, ನಿಮ್ಮ ಮೇಲಿನ ಮಹಡಿಯ ಅಕೌಂಟ್ಸ್-ಪಿಸಿ ಗೊತ್ತಿಲ್ಲ.

ಎರಡನೆಯದು ಮೆಷಿನ್‌ಗೆ ಓಣಿಯ ತುದಿ ಗೊತ್ತಿದೆಯೇ ಎಂಬುದು. ಮೆನುವಿನಲ್ಲಿ ಡೀಫಾಲ್ಟ್ ಗೇಟ್‌ವೇ 0.0.0.0 ಎಂದಿದ್ದರೆ ಅದು ಓಣಿ ಬಿಟ್ಟು ಹೊರಡಲಾರದು. ಒಂದೇ ಓಣಿ ಇದ್ದಾಗ ಗೇಟ್‌ವೇ ತುಂಬದಿದ್ದರೂ ಎಲ್ಲ ನಡೆಯುತ್ತಿತ್ತು, ಹಾಗಾಗಿ ಯಾರೂ ತುಂಬಿರಲಿಲ್ಲ. ಮಾಸ್ಕ್ ತಪ್ಪಿದ್ದರೆ ಇನ್ನೂ ವಿಚಿತ್ರ. 255.255.255.0 ಇರಬೇಕಾದಲ್ಲಿ 255.255.0.0 ಎಂದಿದ್ದರೆ, 192.168.10ರಲ್ಲಿರುವ ಸ್ಕ್ಯಾನರ್ 192.168.20ರ ಕಂಪ್ಯೂಟರನ್ನೂ ತನ್ನ ಓಣಿಯವನೇ ಎಂದು ತಿಳಿದು, ರೂಟರ್ ಕಡೆ ಮುಖವನ್ನೂ ತಿರುಗಿಸದೆ ನೇರ ಕೂಗುತ್ತದೆ. ಓಗೊಡುವವರಿಲ್ಲ. ಇದರಲ್ಲೊಂದು ಕುತೂಹಲದ ಸಂಗತಿಯಿದೆ. ಪ್ರಾಕ್ಸಿ ಆರ್ಪ್ ಎಂಬ ಸೌಲಭ್ಯವಿರುವ ರೂಟರ್ ಇಂಥ ತಪ್ಪು ಕೂಗಿಗೆ ತಾನೇ ಓಗೊಟ್ಟು, ಪಾರ್ಸೆಲ್ ಇಸಿದುಕೊಂಡು ಮುಟ್ಟಿಸಿಬಿಡುತ್ತದೆ. ಸಿಸ್ಕೊ ರೂಟರ್‌ಗಳಲ್ಲಿ ಇದು ಮೊದಲಿನಿಂದಲೇ ಆನ್ ಆಗಿರುತ್ತದೆ. ಹೀಗೆ ವರ್ಷಗಟ್ಟಲೆ ಮುಚ್ಚಿಹೋಗಿದ್ದ ತಪ್ಪು, ರೂಟರ್ ಬದಲಾಯಿಸಿದ ಮರುದಿನ ಮೇಲೇಳುತ್ತದೆ. ಬೈಗುಳ ತಿನ್ನುವುದು ಹೊಸ ರೂಟರ್ ಹಾಕಿದವರು.

ಗೇಟ್‌ವೇ ತಪ್ಪಿದ್ದರೆ ಮೇಲಿನವರ ಪ್ರಿಂಟೂ ಬರಬಾರದು. ಕಂಪ್ಯೂಟರಿನ ಕರೆ ಮೆಷಿನ್‌ಗೆ ತಲುಪಿದರೂ ಉತ್ತರಕ್ಕೆ ಹಿಂದಿರುಗುವ ದಾರಿ ಇರುವುದಿಲ್ಲ. ಪ್ರಿಂಟ್ ಬರುತ್ತಿದ್ದರೆ ಗೇಟ್‌ವೇ ಸರಿಯಿದೆ ಎಂದುಕೊಂಡು ಮುಂದೆ ಹೋಗಬಹುದು, ಒಂದು ಸಂದರ್ಭ ಬಿಟ್ಟು. ನಮ್ಮ ಸಣ್ಣ ಕಚೇರಿಗಳಲ್ಲಿ ಆ ಒಂದು ಸಂದರ್ಭವೇ ಅತಿ ಸಾಮಾನ್ಯ.

ಮೇಲಿನ ಮಹಡಿ ಬಾಡಿಗೆಗೆ ಸಿಕ್ಕಿತು, ಅಲ್ಲಿ ವೈ-ಫೈ ಬರುವುದಿಲ್ಲ. ಅಂಗಡಿಯಿಂದ ಒಂದು ರೂಟರ್ ತಂದು, ಕೆಳಗಿನಿಂದ ಕೇಬಲ್ ಎಳೆದು, ಅದರ ಹಿಂಬದಿಯ ವ್ಯಾನ್ ಪೋರ್ಟ್‌ಗೆ ಸಿಕ್ಕಿಸುತ್ತಾರೆ. ಇಂಟರ್ನೆಟ್ ಬಂತು, ಎಲ್ಲರಿಗೂ ಖುಷಿ. ಯಾರಿಗೂ ಹೇಳದೆ ಆ ರೂಟರ್ ಮಾಡಿದ ಕೆಲಸವೇನೆಂದರೆ ತನ್ನದೇ ಹೊಸ ಓಣಿ ತೆರೆದದ್ದು: ಕೆಳಗೆ 192.168.1, ಮೇಲೆ 192.168.0. ಮೇಲಿನವರು ಯಾರೇ ಹೊರಗೆ ಹೋದರೂ ಅವರ ವಿಳಾಸ ಅಳಿಸಿ ತನ್ನ ಹೆಸರಿನಲ್ಲಿ ಕಳಿಸುತ್ತದೆ. ನ್ಯಾಟ್ ಎನ್ನುವುದು ಇದನ್ನೇ. ಹಾಗಾಗಿ ಮೇಲಿನ ಪ್ರಿಂಟ್ ಕೆಳಗಿಳಿದಾಗ ಮೆಷಿನ್‌ಗೆ ಕಾಣುವುದು ತನ್ನದೇ ಓಣಿಯ ವಿಳಾಸ. ಗೇಟ್‌ವೇ ಇಲ್ಲದಿದ್ದರೂ ಉತ್ತರ ಕೊಡುತ್ತದೆ, ಪ್ರಿಂಟ್ ಬರುತ್ತದೆ. ಸ್ಕ್ಯಾನ್ ಮಾತ್ರ ಮೇಲೇರಲಾರದು. 192.168.0.23 ಎಲ್ಲಿದೆ ಎಂದು ಮೆಷಿನ್ ಇಂಟರ್ನೆಟ್ ಕಂಪನಿ ಕೊಟ್ಟ ಕೆಳಗಿನ ರೂಟರನ್ನು ಕೇಳಿದರೆ ಅದಕ್ಕೆ ಅಂಥ ಓಣಿ ಇರುವ ಸುದ್ದಿಯೇ ಇಲ್ಲ. ದಾರಿ ಬರೆದುಕೊಟ್ಟರೂ ಮೇಲಿನ ರೂಟರ್, ಕೇಳದೆ ಬಂದವರನ್ನು ಬಾಗಿಲಲ್ಲೇ ತಡೆಯುತ್ತದೆ.

ಇದನ್ನು ಪತ್ತೆ ಮಾಡುವುದು ಸುಲಭ. ಮೇಲಿನ ಸಿಸ್ಟಮ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್‌ಫಿಗ್ ಕೊಟ್ಟು, ಬಂದ ವಿಳಾಸವನ್ನು ಮೆಷಿನ್‌ನ ವಿಳಾಸದ ಪಕ್ಕ ಬರೆದು ನೋಡಿದರೆ ಸಾಕು. ಪರಿಹಾರವೂ ಸುಲಭ, ಖರ್ಚಿಲ್ಲದ್ದು. ಮೇಲಿನ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿ. ಆ ಆಯ್ಕೆ ಇಲ್ಲದ ಅಗ್ಗದ ರೂಟರ್ ಆದರೆ, ಅದರ ಸ್ವಂತ ವಿಳಾಸವನ್ನು ಕೆಳಗಿನ ಓಣಿಯಲ್ಲಿ ಯಾರೂ ಬಳಸದ ಒಂದು ಸಂಖ್ಯೆಗೆ ಬದಲಿಸಿ, ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಆಮೇಲೆ ಕೇಬಲನ್ನು ವ್ಯಾನ್‌ನಿಂದ ಕಿತ್ತು ಲ್ಯಾನ್ ಪೋರ್ಟ್‌ಗೆ ಹಾಕಿ. ಎರಡು ಮಹಡಿಯೂ ಒಂದೇ ಓಣಿಯಾಗುತ್ತವೆ, ಸಮಸ್ಯೆಯೇ ಮಾಯ. ಹತ್ತು ಸಿಸ್ಟಮ್‌ಗಳ ಕಚೇರಿಗೆ ಎರಡು ಸಬ್‌ನೆಟ್ ಯಾಕೆ ಬೇಕು? ಬೇಡದ ಗೋಡೆಗೆ ಬಾಗಿಲು ಕೊರೆಯುವುದಕ್ಕಿಂತ ಗೋಡೆ ತೆಗೆಯುವುದೇ ಲೇಸು.

ಬೇಕೆಂದೇ ಬೇರೆ ಮಾಡಿದ ಕಡೆ ಮೂರನೆಯದಕ್ಕೆ ಬರಬೇಕು. ಅದು ವಿಂಡೋಸ್ ಫೈರ್‌ವಾಲ್, ಕಡಿಮೆ ಜನ ಇಣುಕಿ ನೋಡುವ ಜಾಗ. ಫೋಲ್ಡರ್ ಶೇರ್ ಮಾಡಿದಾಗ ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎಂಬ ನಿಯಮಗಳ ಗುಂಪು ತೆರೆದುಕೊಳ್ಳುತ್ತದೆ, ಹಸಿರು ಟಿಕ್ ಕಾಣುತ್ತದೆ, ಎಲ್ಲ ಮುಗಿಯಿತು ಅನ್ನಿಸುತ್ತದೆ. ಅದರಲ್ಲಿ ಎಸ್‌ಎಂಬಿ-ಇನ್ ಎಂಬ ನಿಯಮವನ್ನು ಬಿಡಿಸಿ, ಸ್ಕೋಪ್ ಎಂಬ ಟ್ಯಾಬ್ ನೋಡಿ. ಪ್ರೈವೇಟ್ ಮತ್ತು ಪಬ್ಲಿಕ್ ಪ್ರೊಫೈಲ್‌ಗಳಲ್ಲಿ ರಿಮೋಟ್ ವಿಳಾಸ ಎಂಬಲ್ಲಿ 'ಲೋಕಲ್ ಸಬ್‌ನೆಟ್' ಎಂದು ಮೊದಲೇ ಬರೆದಿರುತ್ತದೆ. ಅಂದರೆ ಬಾಗಿಲು ತೆರೆದಿದೆ, ಆದರೆ ಓಣಿಯವರಿಗೆ ಮಾತ್ರ. ಡೊಮೈನ್ ಪ್ರೊಫೈಲ್‌ನಲ್ಲಿ ಈ ಮಿತಿ ಇಲ್ಲ. ದೊಡ್ಡ ಕಂಪನಿಯಲ್ಲಿ ಕೆಲಸ ಕಲಿತ ಐಟಿಯವರಿಗೆ ಇದು ಹೊಳೆಯದಿರುವುದು ಅದಕ್ಕೇ. ಅಲ್ಲಿ ಎಲ್ಲ ಸಿಸ್ಟಮ್‌ಗಳೂ ಡೊಮೈನ್‌ನಲ್ಲಿದ್ದವು, ಅವರು ಈ ಗೋಡೆಗೆ ಎಂದೂ ಹಣೆ ಬಡಿಸಿಕೊಂಡಿರಲಿಲ್ಲ.

ಇದೇ ಗುಂಪಿನಲ್ಲಿ ಪಿಂಗ್‌ಗೆ ಉತ್ತರ ಕೊಡುವ ನಿಯಮವೂ ಇದೆ, ಅದಕ್ಕೂ ಇದೇ ಮಿತಿ. 1983ರಲ್ಲಿ ಅಮೆರಿಕದ ಮೈಕ್ ಮೂಸ್ ಬರೆದ ಆ ಪುಟ್ಟ ಪ್ರೋಗ್ರಾಮ್ ಇವತ್ತಿಗೂ ಎಲ್ಲರೂ ಮೊದಲು ಕೈಗೆತ್ತಿಕೊಳ್ಳುವ ಉಪಕರಣ. ಸ್ಕ್ಯಾನರ್ ಇರುವ ಕಡೆಯಿಂದ ಮೇಲಿನ ಸಿಸ್ಟಮ್‌ಗೆ ಪಿಂಗ್ ಮಾಡುತ್ತಾರೆ, ಉತ್ತರ ಬರುವುದಿಲ್ಲ, 'ರೂಟಿಂಗೇ ಇಲ್ಲ' ಎಂದು ತೀರ್ಮಾನಿಸಿ ಸ್ವಿಚ್ ಬಿಚ್ಚಲು ಹೊರಡುತ್ತಾರೆ. ರೂಟಿಂಗ್ ಸರಿಯಿದ್ದು ಫೈರ್‌ವಾಲ್ ಬಾಯಿ ಮುಚ್ಚಿಕೊಂಡಿರಬಹುದು. ಪಿಂಗ್ ಬಂದರೆ ದಾರಿ ಇದೆ. ಬರದಿದ್ದರೆ ಏನೂ ಸಾಬೀತಾಗುವುದಿಲ್ಲ.

ಇಲ್ಲಿ "ಫೈರ್‌ವಾಲ್ ಆಫ್ ಮಾಡ್ಬಿಡಿ ಸಾರ್, ಆಗ ಹೋಗುತ್ತೆ" ಎಂಬ ಸಲಹೆ ಬರುತ್ತದೆ. ಹೋಗುತ್ತದೆ, ನಿಜ. ಕಾರಣ ಫೈರ್‌ವಾಲೇ ಎಂದು ಖಚಿತಪಡಿಸಿಕೊಳ್ಳಲು ಎರಡು ನಿಮಿಷ ಆಫ್ ಮಾಡಿ ನೋಡುವುದರಲ್ಲಿ ತಪ್ಪೂ ಇಲ್ಲ. ಆದರೆ ಆಫ್ ಆದದ್ದು ಆಮೇಲೆ ಆನ್ ಆಗುವುದೇ ಇಲ್ಲ ಎಂಬುದು ನಮ್ಮ ಕಚೇರಿಗಳ ಚರಿತ್ರೆ. 2017ರ ಮೇ 12ರಂದು ಜಗತ್ತಿನಾದ್ಯಂತ ಹಬ್ಬಿದ ವಾನಾಕ್ರೈ ಎಂಬ ಕುತಂತ್ರಾಂಶ ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ನುಗ್ಗಿದ್ದು ಇದೇ 445ನೇ ಪೋರ್ಟ್‌ನಿಂದ. ಆದ್ದರಿಂದ ಸ್ಕೋಪ್‌ನಲ್ಲಿ ಲೋಕಲ್ ಸಬ್‌ನೆಟ್ ಜೊತೆಗೆ ಸ್ಕ್ಯಾನರ್‌ನ ಒಂದೇ ಒಂದು ಐಪಿ ವಿಳಾಸ ಸೇರಿಸಿದರೆ ಸಾಕು. ಆಂಟಿವೈರಸ್ ಜೊತೆ ಅದರದೇ ಫೈರ್‌ವಾಲ್ ಬಂದಿದ್ದರೆ ಅಲ್ಲೂ ಹೀಗೇ. ವಿ-ಲ್ಯಾನ್‌ಗಳ ನಡುವಿನ ರೂಟರ್‌ನಲ್ಲಿ ತಡೆಪಟ್ಟಿ ಇದ್ದರೆ ಅದರಲ್ಲೂ ಅಷ್ಟೇ ಅನುಮತಿ.

ಆ ಘಟನೆಯ ಬೆನ್ನಿಗೇ ಇನ್ನೊಂದು ಬದಲಾವಣೆ ಆಯಿತು, ಅದು ಈ ರಿಪೇರಿಯಲ್ಲಿ ಹಲವರನ್ನು ದಾರಿ ತಪ್ಪಿಸುತ್ತದೆ. ವಾನಾಕ್ರೈ ಬಳಸಿಕೊಂಡದ್ದು ಎಸ್‌ಎಂಬಿಯ ಮೊದಲ ಆವೃತ್ತಿಯನ್ನು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಹಾಕುವ ಸಿಸ್ಟಮ್‌ಗಳಲ್ಲಿ ಆ ಮೊದಲ ಆವೃತ್ತಿಯ ಸರ್ವರ್ ಭಾಗ ತಾನಾಗಿ ಬರುವುದಿಲ್ಲ. ಅದೊಂದೇ ಭಾಷೆ ಬಲ್ಲ ಹಳೆಯ ಸ್ಕ್ಯಾನರ್‌ಗಳು ಮೂಕವಾದವು. 2024ರ ವಿಂಡೋಸ್ 11, 24ಎಚ್2 ಬಂದಾಗ ಪ್ರೊ ಆವೃತ್ತಿಯಲ್ಲಿ ಪ್ರತಿ ಸಂದೇಶಕ್ಕೂ ಸಹಿ ಕಡ್ಡಾಯವಾಯಿತು, ಇನ್ನಷ್ಟು ಮೆಷಿನ್‌ಗಳು ತೊದಲಿದವು. ಇವೆಲ್ಲ ನಿಜವಾದ ಕಾರಣಗಳೇ. ಆದರೆ ಇವು ಓಣಿ ನೋಡಿ ಕೈಕೊಡುವಂಥವಲ್ಲ. ಮೇಲಿನ ಮಹಡಿಯ ಸಿಸ್ಟಮನ್ನೇ ಕೆಳಗೆ ತಂದು ಮೆಷಿನ್ ಇರುವ ಸ್ವಿಚ್‌ಗೆ ಹಾಕಿ, ಅದರ ಹೊಸ ವಿಳಾಸ ತುಂಬಿ ಸ್ಕ್ಯಾನ್ ಕಳಿಸಿ ನೋಡಿ. ಅಲ್ಲೂ ಹೋಗದಿದ್ದರೆ ಆವೃತ್ತಿ, ಪಾಸ್‌ವರ್ಡ್, ಫೋಲ್ಡರ್ ಅನುಮತಿ ಇವನ್ನು ತಡಕಿ. ಪಿನ್ ಒತ್ತಿ ಒಳಗೆ ಹೋಗುವವರಿಗೆ ತಮ್ಮ ಅಕೌಂಟಿನ ಪಾಸ್‌ವರ್ಡೇ ನೆನಪಿರುವುದಿಲ್ಲ, ಸ್ಕ್ಯಾನರ್‌ಗೆ ಪಿನ್ ಕೊಟ್ಟರೆ ನಡೆಯುವುದಿಲ್ಲ. ಸ್ಕ್ಯಾನ್‌ಗೆಂದೇ ಬೇರೆ ಯೂಸರ್ ಮಾಡಿಡುವುದು ಒಳ್ಳೆಯದು. ಕೆಳಗೆ ಸ್ಕ್ಯಾನ್ ಹೋಗಿ ಮೇಲೆ ಮಾತ್ರ ಹೋಗದಿದ್ದರೆ ಇವ್ಯಾವುದನ್ನೂ ಮುಟ್ಟಬೇಡಿ.

ಎಲ್ಲಿ ನಿಂತು ಪರೀಕ್ಷೆ ಮಾಡುತ್ತೀರಿ ಎಂಬುದರಲ್ಲೇ ಅರ್ಧ ಕೆಲಸ ಇದೆ. ಬಹಳ ಮಂದಿ ಮೇಲಿನ ಸಿಸ್ಟಮ್‌ನಲ್ಲಿ ಕೂತು ಸ್ಕ್ಯಾನರ್‌ನ ವೆಬ್ ಪುಟ ತೆರೆಯುತ್ತದೆಯೇ ನೋಡುತ್ತಾರೆ. ತೆರೆಯುತ್ತದೆ. ಆದರೆ ಅದು ಮತ್ತೆ ಪ್ರಿಂಟ್ ಹೋಗುವ ದಿಕ್ಕೇ. ನೋಡಬೇಕಾದ್ದು ಸ್ಕ್ಯಾನರ್ ನಿಂತ ಜಾಗದಿಂದ. ಅದರ ಕೇಬಲ್ ಕಿತ್ತು ಒಂದು ಲ್ಯಾಪ್‌ಟಾಪ್‌ಗೆ ಹಾಕಿ, ವೈ-ಫೈ ಆಫ್ ಮಾಡಿ, ಮೆಷಿನ್‌ನ ಮೆನುವಿನಲ್ಲಿದ್ದ ಐಪಿ, ಮಾಸ್ಕ್, ಗೇಟ್‌ವೇಗಳನ್ನು ಒಂದಂಕಿಯೂ ಬದಲಿಸದೆ ಲ್ಯಾಪ್‌ಟಾಪ್‌ಗೆ ತುಂಬಿ. ಈಗ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಎಂಬ ಆದೇಶಕ್ಕೆ ಮೇಲಿನ ಸಿಸ್ಟಮ್‌ನ ವಿಳಾಸವನ್ನೂ 445 ಎಂಬ ಪೋರ್ಟನ್ನೂ ಕೊಟ್ಟು ನೋಡಿ. 'ಟ್ರೂ' ಬಂದರೆ ದಾರಿ, ಬಾಗಿಲು ಎರಡೂ ಸರಿ, ದೋಷ ಮೆಷಿನ್‌ನ ಹೆಸರು-ಪಾಸ್‌ವರ್ಡ್‌ಗಳ ಕಡೆ. 'ಫಾಲ್ಸ್' ಬಂದರೆ, ತುಂಬಿದ ಮಾಸ್ಕ್, ಗೇಟ್‌ವೇ ಸರಿಯಿದ್ದಲ್ಲಿ, ಸರ್ವಿಸ್ ಹುಡುಗ ಹೇಳಿದ್ದೇ ದಿಟ. ಉತ್ತರ ಬರಲು ಹಿಡಿದ ಹೊತ್ತೂ ಸುಳಿವೇ. ತಕ್ಷಣ ನಿರಾಕರಣೆ ಬಂದರೆ ಸಾಮಾನ್ಯವಾಗಿ ಆ ಕಂಪ್ಯೂಟರ್‌ವರೆಗೆ ತಲುಪಿದ್ದೀರಿ, ಅಲ್ಲಿ ಶೇರಿಂಗ್ ನಡೆಯುತ್ತಿಲ್ಲ ಎಂದರ್ಥ. ಬಹಳ ಹೊತ್ತು ಕಾಯಿಸಿ ಸೋತರೆ ನಡುವೆ ಯಾರೋ ಸದ್ದಿಲ್ಲದೆ ನುಂಗುತ್ತಿದ್ದಾರೆ.

ಹುಬ್ಬಳ್ಳಿಯ ಬ್ರಾಂಚ್‌ನಿಂದ ಬೆಂಗಳೂರಿನ ಹೆಡ್ ಆಫೀಸಿಗೆ ವಿಪಿಎನ್ ಮೂಲಕ ಸ್ಕ್ಯಾನ್ ಕಳಿಸುವವರಿಗೆ ಇನ್ನೊಂದು ಬಗೆಯ ತಲೆನೋವು ಬರಬಹುದು. ಲಾಗಿನ್ ಆಗುತ್ತದೆ, ಫೋಲ್ಡರಿನಲ್ಲಿ ಫೈಲ್ ಹುಟ್ಟುತ್ತದೆ, ಗಾತ್ರ ಮಾತ್ರ 0 ಕೆಬಿ. ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದು. ವಿಪಿಎನ್ ತನ್ನ ಹೊದಿಕೆ ಸೇರಿಸುವುದರಿಂದ ಒಳಗೆ ಉಳಿಯುವ ಜಾಗ ಕಡಿಮೆ. 'ದೊಡ್ಡದಾಯಿತು, ಚಿಕ್ಕದು ಮಾಡು' ಎಂಬ ಮರುಸಂದೇಶವನ್ನು ನಡುವಿನ ಫೈರ್‌ವಾಲ್ ನುಂಗಿದರೆ, ಸಣ್ಣ ಮಾತುಗಳೆಲ್ಲ ದಾಟಿ ತುಂಬಿದ ಪ್ಯಾಕೆಟ್‌ಗಳು ಸಿಕ್ಕಿಹಾಕಿಕೊಳ್ಳುತ್ತವೆ. ಒಡೆಯಬೇಡ ಎಂಬ ಸೂಚನೆಯೊಂದಿಗೆ 1472 ಬೈಟ್‌ನ ಪಿಂಗ್ ಕಳಿಸಿ ನೋಡಬೇಕು. 28 ಬೈಟ್ ತಲೆಬರಹ ಸೇರಿ ಅದು ಸರಿಯಾಗಿ 1500 ಆಗುತ್ತದೆ. ಅದು ಮರುಸಂದೇಶವೂ ಇಲ್ಲದೆ ಮಾಯವಾಗಿ 1300 ಮಾತ್ರ ಹೋದರೆ ವಿಪಿಎನ್ ನೋಡಿಕೊಳ್ಳುವವರನ್ನು ಕರೆಸಿ.

ಅಷ್ಟರಲ್ಲಿ ಕೆಲಸ ನಿಲ್ಲಬಾರದಲ್ಲ. ಮೆಷಿನ್ ತಳ್ಳುವ ಬದಲು ಕಂಪ್ಯೂಟರ್ ಎಳೆದುಕೊಳ್ಳಲಿ. ತಯಾರಕರ ಸ್ಕ್ಯಾನ್ ಡ್ರೈವರ್ ಹಾಕಿ, ಹುಡುಕಿದಾಗ ಮೆಷಿನ್ ಸಿಗದಿದ್ದರೆ ಐಪಿ ವಿಳಾಸ ಕೈಯಾರೆ ಕೊಟ್ಟರೆ ಬಹಳಷ್ಟು ಮೆಷಿನ್‌ಗಳಲ್ಲಿ ಸ್ಕ್ಯಾನ್ ಬರುತ್ತದೆ. ಪ್ರಿಂಟ್ ಹೋಗುವ ದಿಕ್ಕಿನಲ್ಲೇ ಮಾತು ಶುರುವಾಗುತ್ತದೆ. ಇ-ಮೇಲ್‌ಗೆ ಸ್ಕ್ಯಾನ್ ಕಳಿಸುವುದೂ ಒಂದು ದಾರಿ. ಮೇ 2022ರ ಕೊನೆಯಿಂದ ಜಿಮೇಲ್ ಬರೀ ಪಾಸ್‌ವರ್ಡ್ ಒಪ್ಪುವುದನ್ನು ನಿಲ್ಲಿಸಿರುವುದರಿಂದ ಆಪ್ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಎಫ್‌ಟಿಪಿ ಕೂಡ ಮೆನುವಿನಲ್ಲಿರುತ್ತದೆ. ಅದರ ಮೊದಲ ಕರಡನ್ನು 1971ರಲ್ಲಿ ಬರೆದವರು ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ ಎಂಐಟಿಗೆ ಹೋದ ಅಭಯ್ ಭೂಷಣ್. ಆ ಕಾಲಕ್ಕೆ ಎಲ್ಲರೂ ಪರಿಚಿತರು, ಗುಟ್ಟಿನ ಅಗತ್ಯವಿರಲಿಲ್ಲ. ಈಗ ಗ್ರಾಹಕರ ಪ್ಯಾನ್, ಆಧಾರ್ ಪ್ರತಿಗಳನ್ನು ಮುಚ್ಚುಮರೆಯಿಲ್ಲದೆ ಎಫ್‌ಟಿಪಿಯಲ್ಲಿ ಕಳಿಸುವುದು ನನಗಂತೂ ಸರಿಕಾಣದು. ಮೇಲಾಗಿ ಅದರ ಆಕ್ಟಿವ್ ಮೋಡ್‌ನಲ್ಲಿ ಸರ್ವರ್ ತಿರುಗಿ ಸ್ಕ್ಯಾನರ್‌ಗೆ ಕರೆ ಮಾಡಬೇಕು, ನಡುವೆ ಫೈರ್‌ವಾಲ್ ಇದ್ದರೆ ಅಲ್ಲೂ ಇದೇ ರಾಮಾಯಣ. ಬಳಸಲೇಬೇಕಾದರೆ ಪ್ಯಾಸಿವ್ ಆರಿಸಿ.

ಮೂವತ್ತು ಮಂದಿಯ ಮೂವತ್ತು ಸಿಸ್ಟಮ್‌ಗಳಿಗೆ ಮೆಷಿನ್ನಿಂದ ನೇರ ಕಳಿಸುವ ಏರ್ಪಾಟೇ ನನ್ನ ಮಟ್ಟಿಗೆ ತಪ್ಪು. ಒಬ್ಬರು ಪಾಸ್‌ವರ್ಡ್ ಬದಲಿಸುತ್ತಾರೆ, ಇನ್ನೊಬ್ಬರ ನೆಟ್‌ವರ್ಕ್ ಪಬ್ಲಿಕ್ ಪ್ರೊಫೈಲ್‌ಗೆ ಜಾರುತ್ತದೆ, ಮತ್ತೊಬ್ಬರು ಲ್ಯಾಪ್‌ಟಾಪ್ ಮನೆಗೊಯ್ದಿರುತ್ತಾರೆ. ಸದಾ ಆನ್ ಇರುವ ಒಂದು ಸಣ್ಣ ಸರ್ವರ್ ಅಥವಾ ನಾಸ್ ಎಂಬ ಫೈಲ್ ಪೆಟ್ಟಿಗೆಗೆ ಕದಲದ ವಿಳಾಸ ಕೊಟ್ಟು, ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್ ಮಾಡಿ, ಮೆಷಿನ್ ಅಲ್ಲಿಗೆ ಮಾತ್ರ ಕಳಿಸಲಿ. ಅವರವರು ತಮ್ಮ ಮಹಡಿಯಿಂದ ಹೋಗಿ ತೆಗೆದುಕೊಳ್ಳಲಿ. ಆಗ ಎರಡು ಓಣಿಗಳ ನಡುವೆ ಸ್ಕ್ಯಾನರ್‌ಗೆಂದು ತೆರೆಯಬೇಕಾದ ಅನುಮತಿ ಒಂದೇ ಸಾಲಿನದು: ಇದರ ಐಪಿಯಿಂದ ಅದರ ಐಪಿಗೆ, ಟಿಸಿಪಿ 445. ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಮೆಷಿನ್‌ನ ಪಕ್ಕಕ್ಕೆ ಅಂಟಿಸಿಟ್ಟರೆ, ರೂಟರ್ ಬದಲಾಯಿಸಲು ಬಂದವರು ಓದಿಕೊಳ್ಳುತ್ತಾರೆ.